ಹದಿನಾಲ್ಕು ಮಂದಿ ಊರು

ಜನಗಣತಿಯವರು ಬಾಗಿಲಿಗೆ ಬಂದು “ಮನ್ಯಾಗ ಎಷ್ಟು ಮಂದಿ ಇದ್ದೀರಿ?” ಅಂತ ಕೇಳಿದ್ರ ನಾವೆಲ್ಲಾ ಒಂದು ಗಳಿಗಿ ತಡೀತೀವಿ, ಹೌದಲ್ರೀ? ದಿನಾ ಇಲ್ಲೇ ಉಂಡು ಮಲಗೋರನ್ನಷ್ಟ ಹೇಳಬೇಕೋ, ಹಬ್ಬಕ್ಕ ಬಂದು ಹೋಗೋ ಮಕ್ಕಳನ್ನೂ ಹೇಳಬೇಕೋ? ಕಾಗದದಾಗ ಹೋಗೋದು ಮೊದಲನೇ ಲೆಕ್ಕ, ತಾಯಿ ಮನಸ್ಸಿನಾಗ ಇರೋದು ಎರಡನೇ ಲೆಕ್ಕ. ಇವತ್ತ ನಿಮಗ ಹೇಳೋದು ಈ ಎರಡೂ ಲೆಕ್ಕದ ನಡುವ ಜೀವ ಹಿಡಕೊಂಡಿರೋ ಒಂದು ಊರಿನ ಇತಿಹಾಸ. ಊರು ನಮ್ಮದಲ್ಲ, ಭಾಳ ದೂರದ್ದು. ಆದ್ರ ಓದಿದಮ್ಯಾಲ ನಿಮಗೂ ದೂರ ಅನಸಲಿಕ್ಕಿಲ್ಲ.

ಅಮೆರಿಕಾ ದೇಶದ ನಟ್ಟನಡುವ ಕಾನ್ಸಾಸ್ ಅಂತ ಒಂದು ರಾಜ್ಯ ಅದ. ಕಣ್ಣು ಹಾಯಿಸಿದಷ್ಟು ದೂರ ಬಯಲು, ಗೋಧಿ ಹೊಲ, ಬಿಡುವಿಲ್ಲದ ಗಾಳಿ. ಅದರ ವಾಯವ್ಯ ಭಾಗದಾಗ ಗ್ರಹಾಂ ಕೌಂಟಿ ಅಂತ ಬರ್ತದ. ಕೌಂಟಿ ಅಂದ್ರ ನಮ್ಮ ಕಡೆ ತಾಲೂಕು ಅಂದಂಗ ತಿಳ್ಕೊಳ್ರಿ. ಅಲ್ಲೆ ಸಾಲೊಮನ್ ಅನ್ನೋ ನದಿ ದಂಡಿ ಹತ್ರ ನಿಕೊಡೀಮಸ್ ಅಂತ ಊರು. 2020ರ ಜನಗಣತಿಯೊಳಗ ಅಲ್ಲಿ ಸಿಕ್ಕವರು 14 ಮಂದಿ. ನಮ್ಮ ಒಂದು ಮನಿ ಲಗ್ನದಾಗ ಅಡಗಿ ಮನ್ಯಾಗೇ ಅದಕ್ಕಿಂತ ಹೆಚ್ಚು ಮಂದಿ ಇರ್ತಾರ.

ಆದ್ರ ಈ ಹದಿನಾಲ್ಕು ಮಂದಿ ಊರು ಅಮೆರಿಕಾದ ಇತಿಹಾಸದಾಗ ಸಣ್ಣದಲ್ಲ. ಗುಲಾಮಗಿರಿಯಿಂದ ಬಿಡುಗಡಿ ಆದ ಕಪ್ಪು ಜನ ತಮ್ಮ ಕೈಯಾರೆ ಕಟ್ಟಿದ ಊರು ಅದು. ಮಿಸಿಸಿಪ್ಪಿ ನದಿ ಪಶ್ಚಿಮಕ್ಕ, ಅಂತರ್ಯುದ್ಧ ಮುಗಿದಮ್ಯಾಲಿನ ಆ ಕಾಲದಾಗ ಕಟ್ಟಿದ ಇಂಥಾ ಊರುಗಳೊಳಗ ಇವತ್ತಿಗೂ ಉಳಿದಿರೋದು ಇದೊಂದೇ.

ಮೊದಲಿಂದ ಹೇಳ್ತೀನಿ. ಲಿಂಕನ್ 1863ರಾಗ ಗುಲಾಮರ ಬಿಡುಗಡಿ ಘೋಷಣಾ ಮಾಡಿದ್ದು ನಾವೆಲ್ಲಾ ಸಾಲ್ಯಾಗ ಓದೇವಿ. ಆದ್ರ ಆ ಘೋಷಣಾ ಇದ್ದದ್ದು ಬಂಡೆದ್ದ ದಕ್ಷಿಣದ ರಾಜ್ಯಗಳಿಗೆ ಅಷ್ಟ. ಕೆಂಟಕಿ ರಾಜ್ಯದಾಗ ಗುಲಾಮಗಿರಿ ಇತ್ತು, ಆದ್ರ ಅದು ಬಂಡಾಯಕ್ಕ ಸೇರಲಿಲ್ಲ. ಹಿಂಗಾಗಿ ಅಲ್ಲಿಯ ಗುಲಾಮರು ಇನ್ನೂ ಕಾಯಬೇಕಾತು. 1865ರ ಡಿಸೆಂಬರಿನಾಗ ಸಂವಿಧಾನಕ್ಕ 13ನೇ ತಿದ್ದುಪಡಿ ಆದಾಗ ಅವರಿಗೆ ಬಿಡುಗಡಿ ಸಿಕ್ತು.

ಬಿಡುಗಡಿ ಅಂತೂ ಆತು, ಕೈಯಾಗ ಮಾತ್ರ ಏನೂ ಇದ್ದಿಲ್ಲ. ಯುದ್ಧ ಮುಗಿಯೋ ಹೊತ್ತಿಗೆ ಸೇನಾಪತಿ ಶರ್ಮನ್ ಸಮುದ್ರ ದಂಡಿ ಭೂಮಿಯೊಳಗ ಒಂದೊಂದು ಕುಟುಂಬಕ್ಕ ನಲವತ್ತು ಎಕರೆ ತನಕ ಕೊಡಬೇಕಂತ ಹುಕುಂ ಹೊರಡಿಸಿದ್ದ. ಲಿಂಕನ್ ಸತ್ತ ಮ್ಯಾಲ ಅಧ್ಯಕ್ಷ ಆದ ಆಂಡ್ರ್ಯೂ ಜಾನ್ಸನ್ ಆ ಭೂಮಿಯೊಳಗಿನ ಬಹುಭಾಗ ಹಳೇ ಮಾಲಕರಿಗೇ ತಿರುಗಿ ಕೊಡಿಸಿದ. ಅದೇ ಹಳೇ ಹೊಲದಾಗ, ಅದೇ ಹಳೇ ಧಣಿಗಳ ಕೈ ಕೆಳಗ, ಪಾಲಿಗೋ ಕೂಲಿಗೋ ದುಡಿಯೋದು ಲಕ್ಷಗಟ್ಟಲೆ ಮಂದಿಗೆ ತಪ್ಪಲಿಲ್ಲ. ಮ್ಯಾಲ ರಾತ್ರಿ ಹೊತ್ತು ಮುಖ ಮುಚ್ಚಿಕೊಂಡು ಬರೋ ಬಿಳಿಯರ ಗುಂಪಿನ ಹೆದರಿಕಿ. 1877ರ ಹೊತ್ತಿಗೆ ಕೇಂದ್ರ ಸರಕಾರ ದಕ್ಷಿಣದಾಗಿನ ತನ್ನ ಸೈನ್ಯದ ಕಾವಲನ್ನೂ ತಗದುಬಿಡ್ತು.

ಅದೇ 1877ರಾಗ ಕೆಂಟಕಿಯ ಲೆಕ್ಸಿಂಗ್ಟನ್, ಜಾರ್ಜ್‌ಟೌನ್ ಕಡೆ ಕಪ್ಪು ಜನರ ಚರ್ಚುಗಳೊಳಗ ಒಂದು ಸುದ್ದಿ ಹಬ್ಬಿತು. ಕಾನ್ಸಾಸಿನ್ಯಾಗ ನಮ್ಮವರದೇ ಒಂದು ಊರು ಆಗ್ತದಂತ, ಭೂಮಿ ಸಿಗ್ತದಂತ! ಡಬ್ಲ್ಯು. ಎಚ್. ಸ್ಮಿತ್ ಅನ್ನೋ ಕಪ್ಪು ಪಾದ್ರಿ ಮತ್ತ ಡಬ್ಲ್ಯು. ಆರ್. ಹಿಲ್ ಅನ್ನೋ ಬಿಳಿಯ ಭೂವ್ಯಾಪಾರಿ ಇನ್ನೂ ಕೆಲವರ ಜೋಡಿ ಸೇರಿ ಊರು ಕಟ್ಟೋ ಕಂಪನಿ ಮಾಡಿದ್ರು. ಕರಪತ್ರ ಹಂಚಿದ್ರು. ಮಣ್ಣು ಚೊಲೋ, ನೀರು ಚೊಲೋ, ಬರ್ರಿ ಅಂತ ಕರದ್ರು.

ಭೂಮಿ ಸಿಗ್ತದ ಅನ್ನೋದು ಬರೇ ಸುಳ್ಳಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಸಣ್ಣ ಶುಲ್ಕ ತುಂಬಿ 160 ಎಕರೆ ಸರಕಾರಿ ಭೂಮಿ ಬರಸಿಕೊಳ್ಳಬಹುದಿತ್ತು. ಐದು ವರ್ಷ ಅಲ್ಲೇ ಇರಬೇಕು, ಮನಿ ಕಟ್ಟಬೇಕು, ಉತ್ತು ಬಿತ್ತಬೇಕು. ಅಷ್ಟು ಮಾಡಿದ್ರ ಭೂಮಿ ನಿಮ್ಮ ಹೆಸರಿಗೆ. ನಮ್ಮಂಥಾ ಹೆಣ್ಮಕ್ಕಳು ಇನ್ನೊಂದು ಮಾತು ಗಮನಿಸಬೇಕು: ವಿಧವಿ ಇದ್ರ, ಲಗ್ನ ಆಗದಾಕಿ ಇದ್ರ, ತನ್ನ ಹೆಸರಿಗೇ ಬರಸಿಕೊಳ್ಳಬಹುದಿತ್ತು. ಗಂಡ ಇದ್ದಾಕಿಗೆ ಮಾತ್ರ ಆ ಹಕ್ಕು ಇದ್ದಿಲ್ಲ, ಅದು ಗಂಡನ ಹೆಸರಿಗೇ ಹೋಗಬೇಕು.

ಊರಿಗೆ ನಿಕೊಡೀಮಸ್ ಅಂತ ಯಾಕ ಇಟ್ರು ಅನ್ನೋದಕ್ಕ ಎರಡು ಮಾತು ಅವ. ಬೈಬಲ್ಲಿನ್ಯಾಗ ಆ ಹೆಸರಿನವ ಒಬ್ಬಾಂವ ಬರ್ತಾನ. 1864ರ ಒಂದು ಹಾಡಿನ್ಯಾಗೂ ನಿಕೊಡೀಮಸ್ ಅನ್ನೋ ಮುದುಕ ಗುಲಾಮ ಇದ್ದಾನ, ಬಿಡುಗಡಿ ದಿನ ಬಂದಾಗ ನನ್ನ ಎಬ್ಬಸ್ರಿ ಅಂತ ಹೇಳಿ ಕಣ್ಣು ಮುಚ್ಚಿದಾಂವ. ಹೆಸರು ಅವನದೇ ಅಂತ ಭಾಳ ಮಂದಿ ನಂಬ್ತಾರ.

1877ರ ಸೆಪ್ಟೆಂಬರಿನಾಗ ಕೆಂಟಕಿಯಿಂದ ಸುಮಾರು ಮುನ್ನೂರು ಮಂದಿ ರೈಲು ಹತ್ತಿದ್ರು. ರೈಲು ಎಲ್ಲಿಸ್ ಅನ್ನೋ ಊರಿನ ತನಕ. ಅಲ್ಲಿಂದ ಮುಂದ ಸುಮಾರು ಐವತ್ತೈದು ಕಿಲೋಮೀಟರ್ ನಡಕೊಂಡೇ ಹೋಗಬೇಕು. ಬಂದು ನೋಡಿದ್ರ ಊರೇ ಇದ್ದಿಲ್ರಿ! ಮನಿ ಇಲ್ಲ, ಗಿಡ ಇಲ್ಲ, ಬರೇ ಹುಲ್ಲು, ಆಕಾಶ. ಎಷ್ಟೋ ಕುಟುಂಬದವರು ಸಿಟ್ಟಿಗೆದ್ದು, ಅತ್ತು, ಬಂದ ದಾರಿ ಹಿಡಿದು ತಿರುಗಿ ಹೋದ್ರು. ತಿರುಗಿ ಹೋಗಲಿಕ್ಕೆ ರೊಕ್ಕ ಇಲ್ಲದವರು, ತಿರುಗಿ ಹೋಗೋದೇ ಬ್ಯಾಡ ಅನ್ನೋರು ಉಳದ್ರು.

ಮರುವರ್ಷ, 1878ರ ವಸಂತದಾಗ ಬಂದ ಗುಂಪಿನೊಳಗ ವಿಲಿಯಾನಾ ಹಿಕ್‌ಮನ್ ಅಂತ ಒಬ್ಬಾಕಿ ಇದ್ಲು. ಗಂಡ ಡೇನಿಯಲ್ ಪಾದ್ರಿ. ಎಲ್ಲಿಸ್ ಮುಟ್ಟೋ ಹೊತ್ತಿಗೆ ಅವರ ಗುಂಪಿನ್ಯಾಗ ದಡಾರ ಹತ್ತಿತ್ತು, ಕೂಸುಗಳು ತೀರಿಹೋದವು. ಅವನ್ನ ಅಲ್ಲೇ ಮಣ್ಣು ಮಾಡಿ ಮುಂದ ನಡದ್ರು. ರಸ್ತಾ ಇಲ್ಲದ ಬಯಲಾಗ ದಿಕ್ಸೂಚಿ ನೋಡಿಕೊಂಡು ಎರಡು ದಿನ ನಡಿಗಿ, ರಾತ್ರಿ ಕಾಡುಪ್ರಾಣಿ ಬರಬಾರದಂತ ಬೆಂಕಿ ಹಾಕಿ ಮಲಗೋದು. ಗಂಡಸ್ರು ಊರು ಬಂತು ಅಂತ ಕೂಗಿದಾಗ ಅಕಿ ಖುಷಿಲೇ ನೋಡಿದ್ಲು. ಏನೂ ಕಾಣವಲ್ದು. ಎಲ್ಲಿ ಊರು ಅಂತ ಗಂಡನ್ನ ಕೇಳಿದ್ಲು. ಅಂವ ನೆಲದಿಂದ ಏಳೋ ಹೊಗಿ ತೋರಿಸಿದ. ಮಂದಿ ನೆಲದಾಗ ತೋಡಿದ ಗುಂಡಿಯೊಳಗ ಸಂಸಾರ ಮಾಡ್ತಿದ್ರು, ಒಲಿ ಹೊಗಿ ನೆಲದಿಂದ ಬರ್ತಿತ್ತು. ಅಕಿಗೆ ಅಳು ಬಂತು. ಇದೆಲ್ಲಾ ಅಕಿ ಮುದುಕಿ ಆದಮ್ಯಾಲ ತಾನೇ ಹೇಳಿದ್ದು. ಅಷ್ಟು ಅತ್ತಾಕಿ ಗಂಡನ ಜೋಡಿ ಆ ಸೀಮ್ಯಾಗೇ ನೆಲಿ ನಿಂತ್ಲು. ಆ ಊರಿನ ಇತಿಹಾಸ ಯಾರೇ ಬರೀಲಿ, ಈ ಹೆಣ್ಮಗಳ ಅಳು ಬಿಟ್ಟು ಬರಿಯೋದಿಲ್ಲ.

ಆ ತೋಡು ಮನಿ ಹೆಂಗಿರ್ತಿತ್ತು ಅಂದ್ರ, ದಿನ್ನಿ ಬದಿಗೆ ಕೋಣಿಯಷ್ಟು ಜಾಗ ಅಗಿಯೋದು. ಮ್ಯಾಲ ಸಿಕ್ಕಷ್ಟು ಟೊಂಗಿ ಅಡ್ಡ ಹಾಕೋದು, ಅದರ ಮ್ಯಾಲ ಬೇರಿನ ಸಮೇತ ಕಡದ ಹುಲ್ಲಿನ ಮಣ್ಣುಹೆಂಟಿ ಹೊದಿಸೋದು. ಆ ಹುಲ್ಲಿನ ಬೇರು ಎಷ್ಟು ಗಟ್ಟಿ ಅಂದ್ರ ಮಣ್ಣನ್ನ ಇಟ್ಟಂಗಿಯಂಗ ಹಿಡಕೊಂಡಿರ್ತಿತ್ತು. ಚಳಿಗಾಲಕ್ಕ ಒಳಗ ಬೆಚ್ಚಗ. ಮಳಿ ಬಂತಂದ್ರ ಸೂರಿನಿಂದ ಕೆಸರು ಸುರೀತಿತ್ತು. ಇನ್ನ ಒಲಿಗೆ ಕಟಿಗಿ ಎಲ್ಲಿಂದ ತರೋದು? ಬಯಲಾಗ ಬಿದ್ದ ಕಾಡುಕೋಣದ ಒಣಗಿದ ಸಗಣಿ, ಸೂರ್ಯಕಾಂತಿ ಕಡ್ಡಿ ಆರಿಸಿ ತಂದು ಸುಡಬೇಕು. ಕುಳ್ಳಿನ ಒಲಿ ಮುಂದ ಕೂತವರಿಗೆ ಆ ಹೊಗಿ, ಆ ಕಣ್ಣುರಿ ಬಿಡಿಸಿ ಹೇಳೋದು ಬ್ಯಾಡ.

ಆ ಮೊದಲನೇ ವರ್ಷದಾಗೇ, ಅಂಥಾದೇ ಒಂದು ತೋಡು ಮನ್ಯಾಗ ಎಮ್ಮಾ ವಿಲಿಯಮ್ಸ್ ಅನ್ನೋ ಬಾಣಂತಿ ಹೆನ್ರಿ ಅನ್ನೋ ಗಂಡು ಕೂಸನ್ನ ಹಡದ್ಲು. ನಿಕೊಡೀಮಸ್‌ನ್ಯಾಗ ಹುಟ್ಟಿದ ಮೊದಲ ಕೂಸು ಅದು. ಬಸುರಿ ಇದ್ದಾಗಲೇ ಅಕಿ ಅಷ್ಟು ದೂರದ ಪ್ರವಾಸ ಮಾಡಿದ್ದು ಅಂತ ನೆನಸಿಕೊಂಡ್ರ ಹೊಟ್ಟ್ಯಾಗ ಹೆಂಗೋ ಆಗ್ತದ. ಅಂಚೆ ಮಾಸ್ತರ ಜಕರಾಯಾ ಫ್ಲೆಚರನ ಹೆಂಡತಿ ಜೆನ್ನಿ ಫ್ಲೆಚರ್ ಊರಿನ ಮೊದಲ ಸಾಲಿ ಬಾಯಿ ಆದ್ಲು, ಹುಡುಗ್ರನ್ನ ತನ್ನ ತೋಡು ಮನ್ಯಾಗೇ ಕೂಡಿಸಿಕೊಂಡು ಕಲಿಸಿದ್ಲು. ಗುಲಾಮಗಿರಿ ಕಾಲದಾಗ ದಕ್ಷಿಣದ ಎಷ್ಟೋ ರಾಜ್ಯದಾಗ ಗುಲಾಮರಿಗೆ ಅಕ್ಷರ ಕಲಿಸೋದೇ ಅಪರಾಧ ಇತ್ತು. ಹಂಗಾಗಿ ಸೂರಿನಿಂದ ಮಣ್ಣು ಉದುರೋ ಆ ಸಾಲಿನೂ ಅವರಿಗೆ ದೊಡ್ಡದೇ.

ಮೊದಲನೇ ಚಳಿಗಾಲ ಹಸಿವಿನ ಕಾಲ. ಬಿತ್ತಲಿಕ್ಕೆ ಹೊತ್ತು ಮೀರಿತ್ತು, ಊರಾಗ ಕುದುರಿ ಬೆರಳೆಣಿಕಿಯಷ್ಟು, ಸಲಿಕಿ ಗುದ್ದಲಿಲೇ ನೆಲ ಅಗೀಬೇಕು. ಗಂಡಸ್ರು ಕೂಲಿ ಹುಡಕಿಕೊಂಡು ದೂರದ ಊರಿಗೆ ಹೋದ್ರು, ಮನಿ ಕೂಸು ಎಲ್ಲಾ ಹೆಂಗಸರ ಮ್ಯಾಲ ಬಿತ್ತು. ಆವಾಗ ಬೇಟಿ ಮುಗಿಸಿ ತಿರುಗಿ ಹೊಂಟಿದ್ದ ಓಸೇಜ್ ಬುಡಕಟ್ಟಿನ ಮಂದಿ ತಮ್ಮ ಬೇಟಿಯೊಳಗ ಪಾಲು ಕೊಟ್ಟು ಹೋದ್ರಂತ ಊರಿನವರು ಇವತ್ತಿಗೂ ಹೇಳ್ತಾರ. ಈ ಮಾತು ನನಗ ಭಾಳ ಹಿಡೀತು. ಯಾಕಂದ್ರ ಕೆಲವೇ ವರ್ಷದ ಹಿಂದ ಆ ಓಸೇಜ್ ಜನರನ್ನೇ ಕಾನ್ಸಾಸಿನ ಅವರ ನೆಲದಿಂದ ದಕ್ಷಿಣಕ್ಕ ಕಳಿಸಿಬಿಟ್ಟಿದ್ರು. ಸರಕಾರ ಹಂಚಿದ ಆ 160 ಎಕರೆಗಳು ಮೊದಲು ಆ ಬಯಲಿನ ಮೂಲ ಜನರ ಬೇಟಿ ನೆಲ. ಮನಿ ಕಳಕೊಂಡವರು ಮನಿ ಹುಡಕ್ಕೊಂಡು ಬಂದವರಿಗೆ ಉಣ್ಣಲಿಕ್ಕೆ ಕೊಟ್ರು.

ಹಂಗೂ ಹಿಂಗೂ ಊರು ನಿಂತು ಬೆಳೀತು. 1880ರ ದಶಕದ ನಡುವಿನ ಹೊತ್ತಿಗೆ ಊರು ಮತ್ತ ಸುತ್ತಲಿನ ಹೊಲಮನಿ ಸೇರಿ ನೂರಾರು ಮಂದಿ. ಕಿರಾಣಿ ಅಂಗಡಿ, ಬ್ಯಾಂಕು, ಹೋಟೆಲ್ಲು, ಐಸ್‌ಕ್ರೀಮ್ ಅಂಗಡಿ, ಚರ್ಚು, ಬೇಸ್‌ಬಾಲ್ ತಂಡ, ಎಲ್ಲಾ ಬಂದವು. 1886ರಾಗ ‘ವೆಸ್ಟರ್ನ್ ಸೈಕ್ಲೋನ್’, 1887ರಾಗ ‘ನಿಕೊಡೀಮಸ್ ಎಂಟರ್‌ಪ್ರೈಸ್’ ಅಂತ ಎರಡು ಪತ್ರಿಕಿ ಶುರು ಆದವು. ಬಿಳಿಯರೂ ಕೆಲವರು ಬಂದು ಅಂಗಡಿ ಹಾಕಿದ್ರು. 1878ರಾಗ ಇಲ್ಲಿಗೆ ಬಂದು ನೆಲಸಿದ್ದ ಎಡ್ವರ್ಡ್ ಮಕೇಬ್ ಅನ್ನೋ ಕಪ್ಪು ತರುಣ 1882ರಾಗ ಚುನಾವಣಿ ಗೆದ್ದು ಇಡೀ ಕಾನ್ಸಾಸ್ ರಾಜ್ಯದ ಲೆಕ್ಕಪರಿಶೋಧಕ ಆದ. ಗುಲಾಮಗಿರಿ ಹೋಗಿ ಇನ್ನೂ ಇಪ್ಪತ್ತು ವರ್ಷ ಸೈತ ಆಗಿದ್ದಿಲ್ಲ!

ಆಮ್ಯಾಲ ಬಂತು ನೋಡ್ರಿ ರೈಲಿನ ಕಥಿ. ಆ ಕಾಲದಾಗ ಬಯಲು ಸೀಮಿ ಊರಿಗೆ ರೈಲು ಅಂದ್ರ ಜೀವ. ರೈಲು ಬಂದ್ರ ಗೋಧಿ ಪ್ಯಾಟಿಗೆ ಹೋಗ್ತದ, ಕಟಿಗಿ ಕಲ್ಲಿದ್ದಲು ಸಸ್ತಾ ಬರ್ತದ. ಬರದಿದ್ರ ಎಲ್ಲಾ ಗಾಡಿ ಹೂಡಿ ಸಾಗಿಸಬೇಕು. ಮಿಸ್ಸೂರಿ ಪೆಸಿಫಿಕ್ ಅನ್ನೋ ಕಂಪನಿ ರೈಲು ತರಲಿ ಅಂತ 1887ರಾಗ ಊರಿನವರು ಮತ ಹಾಕಿ 16,000 ಡಾಲರಿನ ಬಾಂಡು ಕೊಡಲಿಕ್ಕೆ ತಯಾರಾದ್ರು. ಹತ್ತು ವರ್ಷದ ಹಿಂದ ತೋಡು ಮನ್ಯಾಗ ಇದ್ದ ಮಂದಿ ಅವರು. ಆದ್ರ ಆ ರೈಲು ಬರಲಿಲ್ಲ. ಸಾಂತಾ ಫೆ ಕಂಪನಿ ಬರ್ತದ ಅಂದ್ರು, ಅದೂ ಬರಲಿಲ್ಲ. 1888ರಾಗ ಯೂನಿಯನ್ ಪೆಸಿಫಿಕ್ ಬಂತು ಖರೇ, ಆದ್ರ ಹಳಿ ಹಾಕಿದ್ದು ನದಿಯ ಆಚೀ ದಂಡಿಗೆ, ಕೆಲವೇ ಮೈಲು ದೂರದಾಗ. ಅಲ್ಲಿ ಕೂಲಿಕಾರರು ಬೀಡು ಬಿಟ್ಟಿದ್ದ ಜಾಗ ಬೋಗ್ ಅನ್ನೋ ಹೊಸಾ ಊರಾತು. ನಿಕೊಡೀಮಸ್‌ನ ಅಂಗಡಿಯವರು ಒಬ್ಬೊಬ್ಬರ ಗಂಟು ಕಟ್ಟಿ ಬೋಗಿಗೆ ಹೋದ್ರು. ಪತ್ರಿಕಿ ಎರಡೂ ನಿಂತವು. ಮಕೇಬ್ ಓಕ್ಲಹೋಮಾ ಕಡೆ ಹೋಗಿ ಅಲ್ಲಿ ಲ್ಯಾಂಗ್‌ಸ್ಟನ್ ಅನ್ನೋ ಇನ್ನೊಂದು ಕಪ್ಪು ಜನರ ಊರು ಕಟ್ಟಲಿಕ್ಕೆ ನಿಂತ.

ಇಲ್ಲಿಗೆ ಊರು ಮುಗೀತು ಅಂತ ಯಾರಿಗಾದರೂ ಅನಸ್ತದ. ಆದ್ರ ಅಂಗಡಿ ಹೋದ್ರೂ ಹೊಲ ಹೋಗಲಿಲ್ಲ. ಐದು ವರ್ಷ ದುಡದು ತಮ್ಮ ಹೆಸರಿಗೆ ಮಾಡಿಕೊಂಡ ಭೂಮಿ ಬಿಟ್ಟು ಹೋಗಲಿಕ್ಕೆ ಆ ರೈತ ಮಂದಿ ಒಪ್ಪಲಿಲ್ಲ. 1907ರಾಗ ಬ್ಯಾಪ್ಟಿಸ್ಟ್ ಚರ್ಚಿನ ಕಟ್ಟಡ ಎದ್ದಿತು, 1918ರಾಗ ಹೊಸಾ ಸಾಲಿ ಕಟ್ಟಿದ್ರು. ರೈಲು ತಪ್ಪಿ ಮೂವತ್ತು ವರ್ಷ ಆದಮ್ಯಾಲ ಸಾಲಿ ಕಟ್ಟತಾರ ಅಂದ್ರ ಅಲ್ಲಿ ಹುಡುಗ್ರು ಇದ್ರು, ಹುಡುಗ್ರು ಮುಂದನೂ ಇರ್ತಾರಂತ ನಂಬಿಗಿನೂ ಇತ್ತು ಅಂತ ಅರ್ಥ.

ಊರಿಗೆ ದೊಡ್ಡ ಹೊಡ್ತ ಬಿದ್ದದ್ದು 1930ರ ದಶಕದಾಗ. ವರ್ಷಗಟ್ಟಲೆ ಮಳಿ ಇಲ್ಲ, ಹುಲ್ಲು ಕಿತ್ತು ಉತ್ತ ಬಯಲಿನ ಮಣ್ಣು ಧೂಳಾಗಿ ಎದ್ದು ಹಗಲನ್ನೇ ಕತ್ತಲಿ ಮಾಡ್ತಿತ್ತು. ಜೋಡಿಗೆ ದೇಶಕ್ಕ ದೇಶಾನೇ ಕೆಲಸ ರೊಕ್ಕ ಇಲ್ಲದ ಕಾಲ. ಅಂಥಾದ್ರಾಗೂ 1939ರಾಗ ಸರಕಾರದ ಕೂಲಿ ಯೋಜನೆಯೊಳಗ ಸುಣ್ಣಕಲ್ಲಿನ ಊರ ಚಾವಡಿ ಕಟ್ಟಿದ್ರು. ಆದ್ರ ಹರೇದವರು ಡೆನ್ವರ್, ಟೊಪೀಕಾ, ಕ್ಯಾಲಿಫೋರ್ನಿಯಾ ಅಂತ ಕೆಲಸ ಇದ್ದ ಕಡೆ ಹೋದ್ರು. ಯುದ್ಧ ಬಂತು, ಇನ್ನೂ ಹೋದ್ರು. ಟ್ರ್ಯಾಕ್ಟರು ಬಂತು, ಹತ್ತು ಮಂದಿ ಹೊಲ ಒಬ್ಬಾಂವ ಮಾಡಂಗಾತು. 1953ರಾಗ ಅಂಚೆ ಕಚೇರಿ ಮುಚ್ಚಿದ್ರು. ಆಮ್ಯಾಲ ಸಾಲಿನೂ ಮುಚ್ಚಿತು.

ಈಗ ಒಂದು ಲೆಕ್ಕ ನೋಡೋಣ್ರಿ. ಇಡೀ ಗ್ರಹಾಂ ಕೌಂಟಿಯೊಳಗ 1910ರಾಗ ಇದ್ದವರು 8,700 ಮಂದಿ. 1950ಕ್ಕ 5,020. 2020ಕ್ಕ 2,415. ಅಂದ್ರ ಬಿಳಿಯರ ಊರು, ಕಪ್ಪು ಜನರ ಊರು ಎಲ್ಲಾ ಸೇರಿಸಿ ನಾಕರಾಗ ಮೂರು ಪಾಲಿನಷ್ಟು ಮಂದಿ ಕಡಿಮಿ ಆಗ್ಯಾರ. ರೈಲು ಸಿಕ್ಕ ಬೋಗ್ ಊರಾಗಾದರೂ ಈಗ ಎಷ್ಟು ಮಂದಿ ಅಂತೀರಿ? ಒಂದೂವರೆ ನೂರರ ಆಸುಪಾಸು. ರೈಲು ಬಂದಿದ್ರ ನಿಕೊಡೀಮಸ್ ದೊಡ್ಡ ಶಹರ ಆಗ್ತಿತ್ತು ಅಂತ ಮಂದಿ ಹೇಳೋದು ಓದಿದಾಗ ನನಗ ಈ ಲೆಕ್ಕ ನೆನಪಾಗ್ತದ. ರೈಲು ಸಿಕ್ಕಿದ್ರ ಸಂಕಟ ಐವತ್ತು ವರ್ಷ ತಡ ಆಗಿ ಬರ್ತಿತ್ತೇನೋ, ಬರೋದಂತೂ ಬರ್ತಿತ್ತು. ಸಣ್ಣ ಸಣ್ಣ ಹೊಲದ ಮ್ಯಾಲ ನಿಂತ ಊರುಗಳ ಹಣೇಬರಾನೇ ಹಂಗಾತು.

ಹಂಗಾದ್ರ ಬೋಗಿಗೂ ನಿಕೊಡೀಮಸ್‌ಗೂ ಏನು ಫರಕು? ಫರಕು ಇರೋದು ಜುಲೈ ತಿಂಗಳ ಕಡೇ ವಾರದಾಗ. ಬ್ರಿಟಿಷರು ವೆಸ್ಟ್ ಇಂಡೀಸಿನ ಗುಲಾಮಗಿರಿ ತಗದಿದ್ದು 1834ರ ಆಗಸ್ಟ್ 1ಕ್ಕ. ಆ ದಿನವನ್ನ ನಿಕೊಡೀಮಸ್‌ನವರು ಮೊದಲಿಂದಲೂ ಬಿಡುಗಡಿ ಹಬ್ಬ ಅಂತ ಮಾಡಕೋತ ಬಂದ್ರು. ಮಂದಿ ಊರು ಬಿಟ್ಟು ಚದುರಿದಮ್ಯಾಲ ಅದೇ ಹಬ್ಬ ‘ಮನಿಗೆ ಬರೋ ಹಬ್ಬ’ ಆತು. ಪ್ರತಿ ವರ್ಷ ಜುಲೈ ಕಡೇ ವಾರಕ್ಕ ದೇಶದ ಮೂಲಿ ಮೂಲಿಯಿಂದ ನೂರಾರು ಮಂದಿ ಬರ್ತಾರ. ಮೊದಲು ಬಂದವರ ಮರಿಮಕ್ಕಳು, ಅವರ ಮಕ್ಕಳು. ಮೆರವಣಿಗಿ, ಹಾಡು, ಚರ್ಚಿನ ಪ್ರಾರ್ಥನಾ, ದೊಡ್ಡ ದೊಡ್ಡ ಬುಟ್ಟಿ ಅಡಗಿ. ಹದಿನಾಲ್ಕು ಮಂದಿ ಊರಾಗ ಗಾಡಿ ನಿಲ್ಲಸಲಿಕ್ಕೆ ಜಾಗ ಹುಡಕಬೇಕಾಗ್ತದ. 1932ರಾಗ ಇದೇ ಊರಾಗ ಹುಟ್ಟಿ 1954ರಾಗ ಗ್ರೀನ್ ಬೇ ಪ್ಯಾಕರ್ಸ್ ಅನ್ನೋ ಹೆಸರಾಂತ ಫುಟ್‌ಬಾಲ್ ತಂಡಕ್ಕ ಆಡಲಿಕ್ಕೆ ಹೋದ ವೆರಿಲ್ ಸ್ವಿಟ್ಜರ್ ಸೈತ ಊರಿನ ಹೊಲ ಕೈಬಿಟ್ಟಿದ್ದಿಲ್ಲ.

ಈ ಹಗ್ಗ ಹರೀಲಿಲ್ಲ ಅಂತಲೇ ಸರಕಾರವೂ ಊರಿನ ಕಡೆ ನೋಡಬೇಕಾತು. 1976ರಾಗ ಐತಿಹಾಸಿಕ ತಾಣ ಅನ್ನೋ ಗೌರವ ಬಂತು. ಊರಿನ ಮೊಮ್ಮಕ್ಕಳು ಹಟ ಹಿಡದು ಕೇಳಿದಮ್ಯಾಲ 1996ರಾಗ ರಾಷ್ಟ್ರೀಯ ಉದ್ಯಾನ ಇಲಾಖೆ ನಿಕೊಡೀಮಸ್‌ನ್ನ ತನ್ನ ಕಾಳಜಿಯೊಳಗ ತಗೊಂಡಿತು. ಎರಡು ಚರ್ಚು, ಸಾಲಿ, ಚಾವಡಿ, ಫ್ಲೆಚರ್ ಕುಟುಂಬದವರು ಹೋಟೆಲ್ ನಡಸತಿದ್ದ ಮನಿ, ಹಿಂಗ ಐದು ಕಟ್ಟಡ ಕಾಪಾಡ್ಯಾರ.

ಹದಿನಾಲ್ಕು ಅನ್ನೋ ಲೆಕ್ಕ ಸುಳ್ಳು ಅಂತ ನಾ ಹೇಳೂದಿಲ್ಲ. ಸಾಲಿ ಇಲ್ಲದ, ಅಂಗಡಿ ಇಲ್ಲದ ಊರಾಗ ವಯಸ್ಸಾದವರು ವರ್ಷದ ಉಳಿದ ಐವತ್ತೊಂದು ವಾರ ಹೆಂಗ ತಗೀತಾರ ಅನ್ನೋದು ಆ ಹದಿನಾಲ್ಕು ಮಂದಿಗೇ ಗೊತ್ತು. ಒಂದು ವಾರದ ಹಬ್ಬ ಅದನ್ನ ತುಂಬೂದಿಲ್ಲ. ಆದ್ರ ಅವರು ದೀಪ ಹಚ್ಚಿಕೊಂಡು ಅಲ್ಲಿ ಇದ್ದದ್ದಕ್ಕ ಉಳಿದವರಿಗೆ ಬರಲಿಕ್ಕೆ ಒಂದು ಊರು ಅಂತ ಅದ. ಬರೋರು ಬರ್ತಾರಂತ ಇರೋರಿಗೂ ಇರಲಿಕ್ಕೆ ಒಂದು ಕಾರಣ.

ನಮ್ಮ ನಿಮ್ಮ ಊರಾಗೂ ಅರ್ಧಕ್ಕರ್ಧ ಮನಿಗೆ ಕೀಲಿ ಬಿದ್ದಾವ, ಒಂದೊಂದು ಮನ್ಯಾಗ ಒಬ್ಬೊಬ್ಬ ಅವ್ವ ಉಳದಾಳ. ಮುಂದಿನ ಸರತಿ ಜನಗಣತಿಯವರು ಬಂದ್ರ ಅಕಿ “ಒಬ್ಬಾಕಿನೇ” ಅಂತ ಹೇಳಿ ಅಂಥಾದೇ ಲೆಕ್ಕ ಬರಸ್ತಾಳ. ಜಾತ್ರಿಗೆ, ಹಬ್ಬಕ್ಕ ಊರಿಗೆ ಹೋಗೋದು ಈ ವರ್ಷ ಬಿಟ್ರಾತು ಬಿಡು ಅನ್ನೋ ಮುಂದ ನೆಲದಾಗಿನ ಹೊಗಿ ನೋಡಿ ಅತ್ತ ಆ ವಿಲಿಯಾನಾನ್ನ ಒಂದು ಸರ್ತಿ ನೆನಸ್ರಿ. ಒಂದು ಫೋನರೆ ಹಚ್ರಿ ಊರಿಗೆ.